ಸೊಪ್ಪಿನ ಕವಚದ ಬೀಫ್ ರೋಸ್ಟ್: ಮಾಂಸಕ್ಕೊಂದು ಕಾವು, ಕವಚಕ್ಕೊಂದು ಕಾವು

ಸೊಪ್ಪಿನ ಕವಚ ಹೊದ್ದ ಬೀಫ್ ರೋಸ್ಟ್ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಕೆಡುತ್ತದೆ. ಒಂದೋ ಒಳಗಿನ ಮಾಂಸ ಹದವಾಗಿ ಬೆಂದಿರುತ್ತದೆ, ಆದರೆ ಮೇಲಿನ ಬೆಳ್ಳುಳ್ಳಿ ಕರಕಲಾಗಿ ಬಾಯಿಗೆ ಕಹಿ ಹೊಡೆಯುತ್ತದೆ. ಇಲ್ಲವೇ ಕವಚ ಹೊಂಬಣ್ಣಕ್ಕೆ ತಿರುಗಿ ನೋಡಲು ಚೆಂದವಿರುತ್ತದೆ, ಕೊಯ್ದರೆ ಅಂಚಿನಿಂದ ಎರಡು ಬೆರಳಿನಷ್ಟು ಒಳಗಿನವರೆಗೂ ಬೂದುಬಣ್ಣದ ಒಣ ಮಾಂಸ. ಎರಡಕ್ಕೂ ಕಾರಣ ಒಂದೇ. ಹಸಿ ಮಾಂಸಕ್ಕೆ ಸೊಪ್ಪು ಮೆತ್ತಿ, ಎರಡನ್ನೂ ಒಟ್ಟಿಗೆ ಓವನ್ನಿಗೆ ತಳ್ಳಿ, ಒಂದೇ ಕಾವಿನಲ್ಲಿ ಅಷ್ಟೇ ಹೊತ್ತು ಬೇಯಿಸಿರುತ್ತಾರೆ. ಎರಡು ಕೆ.ಜಿ. ಮಾಂಸದ ನಡುಭಾಗ ನಿಧಾನವಾಗಿ ಬಿಸಿಯಾಗಲು ಸುಮಾರು ಎರಡು ಗಂಟೆ ಬೇಕು. ಬೆಣ್ಣೆಯಲ್ಲಿ ಕಲಸಿದ ಬ್ರೆಡ್ ಪುಡಿ ಕೆಂಪಗಾಗಲು ಹತ್ತು ನಿಮಿಷ ಸಾಕು. ಇವೆರಡರ ಲೆಕ್ಕ ತಾಳೆಯಾಗುವುದು ಹೇಗೆ?

ಹಾಗಾಗಿ ಇಲ್ಲಿ ಕೆಲಸವನ್ನು ಎರಡಾಗಿ ಒಡೆದಿದ್ದೇನೆ. ಮೊದಲು ಮಂದ ಕಾವಿನಲ್ಲಿ ಬರೀ ಮಾಂಸ ಬೇಯುತ್ತದೆ. ಅದು ಮುಗಿದ ಮೇಲೆ ಬಾಣಲೆಯಲ್ಲಿ ಅದರ ಮೈ ಕೆಂಪಗೆ ಮಾಡಿ, ಕವಚ ಹೊದಿಸಿ, ಜೋರು ಕಾವಿನಲ್ಲಿ ಹತ್ತು ನಿಮಿಷ ಇಡುತ್ತೇವೆ. ಒಂದು ಪಾತ್ರೆ ಹೆಚ್ಚು ತೊಳೆಯಬೇಕಾಗುತ್ತದೆ, ನಿಜ. ಆದರೆ ಫಲಿತಾಂಶ ದೈವಾಧೀನವಾಗಿ ಉಳಿಯುವುದಿಲ್ಲ.

ಇದು ಬ್ರಿಟನ್ನಿನಲ್ಲಿ ಭಾನುವಾರ ಮಧ್ಯಾಹ್ನದ ಊಟ, ಅಮೆರಿಕದಲ್ಲಿ ಹೆಚ್ಚಾಗಿ ಕ್ರಿಸ್ಮಸ್ ರಾತ್ರಿಯ ಊಟ. ಆ ನಾಡುಗಳಲ್ಲಿ ನೆಲೆಸಿ, ಅಲ್ಲಿನ ಅಂಗಡಿಯ ಮಾಂಸ ತಂದು, ಅಲ್ಲಿನ ಓವನ್ನಿನಲ್ಲಿ ಬೇಯಿಸುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕರ್ನಾಟಕದಲ್ಲಿರುವವರಿಗೆ ಮುಂದೆ ಪ್ರತ್ಯೇಕವಾಗಿ ಒಂದು ಮಾತಿದೆ.

ಯಾವ ತುಂಡು ಕೊಳ್ಳಬೇಕು

ದನದ ಬೆನ್ನಿನ ಸ್ನಾಯು ಹೆಚ್ಚು ದುಡಿಯುವುದಿಲ್ಲ. ಭುಜ, ಕಾಲು, ಕುತ್ತಿಗೆ ದಿನವಿಡೀ ದುಡಿಯುತ್ತವೆ. ದುಡಿದ ಸ್ನಾಯುವಿನಲ್ಲಿ ಕೊಲಾಜನ್ ಎಂಬ ಗಟ್ಟಿ ನಾರು ತುಂಬಿರುತ್ತದೆ. ಅದು ಕರಗಿ ಮೆತ್ತಗಿನ ಜಿಲೆಟಿನ್ ಆಗಬೇಕಾದರೆ 70 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಗಂಟೆಗಟ್ಟಲೆ ಬೇಯಬೇಕು. ನಾವು ಮಾಡುತ್ತಿರುವ ರೋಸ್ಟ್ 55 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿ ಕೊಲಾಜನ್ ಕರಗುವ ಮಾತೇ ಇಲ್ಲ. ಆದ್ದರಿಂದ ಮೊದಲೇ ಮೆತ್ತಗಿರುವ ತುಂಡನ್ನು, ಎಂದರೆ ಬೆನ್ನಿನ ಭಾಗವನ್ನು, ಕೊಳ್ಳಬೇಕು.

ಅಂಗಡಿಯಲ್ಲಿ ಹೆಸರುಗಳ ಗೊಂದಲ ಬೇರೆ. ಬ್ರಿಟನ್ನಿನಲ್ಲಿ ಸರ್ಲಾಯಿನ್ ಎಂದು ಮಾರುವುದನ್ನು ಅಮೆರಿಕದವರು ಸ್ಟ್ರಿಪ್ ಲಾಯಿನ್ ಅಥವಾ ನ್ಯೂಯಾರ್ಕ್ ಸ್ಟ್ರಿಪ್ ಎನ್ನುತ್ತಾರೆ. ಅಮೆರಿಕದ ಟಾಪ್ ಸರ್ಲಾಯಿನ್ ಬ್ರಿಟನ್ನಿನಲ್ಲಿ ರಂಪ್. ಬ್ರಿಟನ್ನಿನ ಟಾಪ್‌ಸೈಡ್ ಅಮೆರಿಕದಲ್ಲಿ ಟಾಪ್ ರೌಂಡ್. ಲಂಡನ್ನಿನಲ್ಲಿರುವ ಗೆಳತಿ ಬರೆದು ಕಳಿಸಿದ ಪಾಕವಿಧಾನವನ್ನು ಹಿಡಿದು ಡಲ್ಲಾಸಿನ ಅಂಗಡಿಗೆ ಹೋದರೆ, ಕೇಳುವ ಹೆಸರೊಂದು, ಕೈಗೆ ಬರುವ ತುಂಡೊಂದು.

ನನ್ನ ಆಯ್ಕೆ ಮೂಳೆಯಿಲ್ಲದ ಸ್ಟ್ರಿಪ್ ಲಾಯಿನ್, ಸುಮಾರು ಎರಡು ಕೆ.ಜಿ. ತೂಕದ ಒಂದೇ ತುಂಡು. ಆರರಿಂದ ಎಂಟು ಜನರಿಗೆ ಸಾಕು. ಆಕಾರ ಆಚೆಯಿಂದ ಈಚೆಗೆ ಒಂದೇ ದಪ್ಪವಿರುವುದರಿಂದ ಸಮವಾಗಿ ಬೇಯುತ್ತದೆ, ಒಂದು ಬದಿಗೆ ಒಳ್ಳೆಯ ಕೊಬ್ಬಿನ ಪದರವೂ ಇರುತ್ತದೆ. ಪಕ್ಕೆಲುಬಿನ ರೋಸ್ಟ್ ಇದಕ್ಕಿಂತ ರುಚಿ, ಆದರೆ ಮೂಳೆಯ ಬದಿಗೆ ಕವಚ ಹಿಡಿಯುವುದಿಲ್ಲ, ಬೆಲೆಯೂ ಏರುತ್ತದೆ. ಟೆಂಡರ್‌ಲಾಯಿನ್ ಬೆಣ್ಣೆಯಷ್ಟು ಮೆತ್ತಗೆ ಎಂದು ಎಲ್ಲರೂ ಹೊಗಳುತ್ತಾರೆ. ಮೆತ್ತಗಿರುವುದು ನಿಜವೇ, ಆದರೆ ರುಚಿ ಸಪ್ಪೆ, ಒಂದು ಕೊನೆಗೆ ತೆಳ್ಳಗಾಗುವುದರಿಂದ ಆ ತುದಿ ಬೇಗ ಬೆಂದುಬಿಡುತ್ತದೆ. ಕೈ ಬಿಗಿ ಇದ್ದರೆ ಟಾಪ್‌ಸೈಡ್ ಕೊಳ್ಳಿ. ಅದನ್ನು ಕಾಗದದಷ್ಟು ತೆಳ್ಳಗೆ ಕೊಯ್ಯುವ ತಾಳ್ಮೆ ಮಾತ್ರ ಬೇಕು. ಅಮೆರಿಕದಲ್ಲಿ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂಬ ಸರ್ಕಾರಿ ದರ್ಜೆಗಳು ಮುಖ್ಯವಾಗಿ ಸ್ನಾಯುವಿನೊಳಗೆ ಹರಡಿದ ಕೊಬ್ಬಿನ ಎಳೆಗಳ ಮೇಲೆ ನಿಂತಿವೆ. ಮನೆಯ ರೋಸ್ಟಿಗೆ ಚಾಯ್ಸ್ ಧಾರಾಳ ಸಾಕು.

ಕೊಳ್ಳುವಾಗ ಇನ್ನೆರಡು ವಿಷಯ ನೋಡಿ. ಇದು ರುಚಿಯದ್ದಲ್ಲ, ಆರೋಗ್ಯದ್ದು. ಇಡೀ ಸ್ನಾಯುವಿನ ತುಂಡಿನಲ್ಲಿ ರೋಗಾಣುಗಳು ಇದ್ದರೆ ಮೇಲ್ಮೈಯಲ್ಲಿರುತ್ತವೆ, ಮೇಲ್ಮೈ ಚೆನ್ನಾಗಿ ಕಾದರೆ ಸಾಯುತ್ತವೆ. ಒಳಗೆ ಗುಲಾಬಿ ಬಣ್ಣ ಉಳಿದರೂ ತಿನ್ನಬಹುದು ಎನ್ನುವುದು ಈ ಆಧಾರದ ಮೇಲೆ. ಆದರೆ ಬಿಡಿಸಿ, ಸುರುಳಿ ಸುತ್ತಿ, ದಾರ ಕಟ್ಟಿ ಮಾರುವ ತುಂಡಿನಲ್ಲಿ ಹೊರಮೈಯೇ ಒಳಗೆ ಹೋಗಿರುತ್ತದೆ. ಅಂಥ ತುಂಡನ್ನು ಪೂರ್ತಿ ಬೇಯಿಸಬೇಕು ಎಂದು ಬ್ರಿಟನ್ನಿನ ಆಹಾರ ಮಾನದಂಡ ಸಂಸ್ಥೆ ಹೇಳುತ್ತದೆ. ಮೆತ್ತಗಾಗಲೆಂದು ಯಂತ್ರದ ಸೂಜಿ ಅಥವಾ ಅಲಗುಗಳಿಂದ ಚುಚ್ಚಿದ ಮಾಂಸದ ಕಥೆಯೂ ಅದೇ. ಅಮೆರಿಕದಲ್ಲಿ 2016ರಿಂದ ಹೀಗೆ ಚುಚ್ಚಿದ್ದನ್ನು ಪೊಟ್ಟಣದ ಮೇಲೆ ಹೇಳಲೇಬೇಕು, ಆ ಸಣ್ಣ ಅಕ್ಷರಗಳನ್ನು ಓದಿ. ಅದೇ ಕಾರಣಕ್ಕೆ, ಚಾಕುವಿನಿಂದ ಮಾಂಸವನ್ನು ಅಲ್ಲಲ್ಲಿ ಚುಚ್ಚಿ ಬೆಳ್ಳುಳ್ಳಿ ತುರುಕುವ ಹಳೆಯ ಪದ್ಧತಿಯನ್ನು ಈ ರೋಸ್ಟಿಗೆ ನಾನು ಒಪ್ಪುವುದಿಲ್ಲ.

ಕರ್ನಾಟಕದಲ್ಲಿದ್ದರೆ

2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣೆ ಕಾಯ್ದೆಯಂತೆ ರಾಜ್ಯದಲ್ಲಿ ಹಸು, ಕರು, ಹೋರಿ, ಎತ್ತುಗಳ ವಧೆಗೆ ಅವಕಾಶವಿಲ್ಲ. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಷರತ್ತುಗಳೊಂದಿಗೆ ವಿನಾಯಿತಿ. ಅಷ್ಟು ವಯಸ್ಸಾದ ಪ್ರಾಣಿಯ ಕೊಲಾಜನ್ ಎಷ್ಟು ಗಟ್ಟಿಯಾಗಿರುತ್ತದೆ ಎಂದರೆ ಗುಲಾಬಿ ಬಣ್ಣದ ರೋಸ್ಟ್ ಮಾಡಿದರೆ ಹಲ್ಲಿಗೆ ವ್ಯಾಯಾಮ. ಅದಕ್ಕೆ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಮಾಡುವಂತೆ ಮಸಾಲೆ ಹಾಕಿ ನಿಧಾನವಾಗಿ ಬೇಯಿಸುವ ದಾರಿಯೇ ಸರಿ. ಕೆಳಗೆ ಹೇಳುವ ಸೊಪ್ಪಿನ ಕವಚವನ್ನು ಮಾತ್ರ ಎಳೆಯ ಕುರಿಯ ತೊಡೆಗೆ ಧಾರಾಳವಾಗಿ ಬಳಸಬಹುದು. ಒಳಗಿನ ಉಷ್ಣತೆಯನ್ನು 63 ಡಿಗ್ರಿಗೆ ತಂದರಾಯಿತು.

ಎರಡು ದಿನ ಮೊದಲು: ಉಪ್ಪು

ಈ ಅಡುಗೆಯಲ್ಲಿ ಉಪ್ಪು ಹಾಕುವ ಕೆಲಸ ಊಟದ ದಿನದ್ದಲ್ಲ. ಭಾನುವಾರದ ಊಟಕ್ಕೆ ಶುಕ್ರವಾರ ರಾತ್ರಿಯೇ ಹಾಕಿ. ಪ್ರಮಾಣ, ಒಂದು ಕೆ.ಜಿ. ಮಾಂಸಕ್ಕೆ 12 ಗ್ರಾಂ. ಎರಡು ಕೆ.ಜಿ.ಗೆ 24 ಗ್ರಾಂ. ಚಮಚದ ಲೆಕ್ಕ ಕೊಡುವುದಿಲ್ಲ, ಏಕೆಂದರೆ ಒಂದು ಚಮಚ ಪುಡಿ ಉಪ್ಪು ಮತ್ತು ಒಂದು ಚಮಚ ಹರಳು ಉಪ್ಪಿನ ತೂಕದಲ್ಲಿ ತುಂಬ ಅಂತರವಿದೆ. ಅಮೆರಿಕದಲ್ಲಿ ಸಿಗುವ ಕೋಷರ್ ಉಪ್ಪಿನಲ್ಲೇ ಒಂದು ಬ್ರ್ಯಾಂಡಿಗೂ ಇನ್ನೊಂದಕ್ಕೂ ಒಂದೇ ಚಮಚಕ್ಕೆ ಒಂದೇ ತೂಕ ಬರುವುದಿಲ್ಲ. ತಕ್ಕಡಿ ಇಟ್ಟುಕೊಳ್ಳಿ.

ಮೊದಲು ಕೊಬ್ಬಿನ ಪದರವನ್ನು ಅರ್ಧ ಸೆಂಟಿಮೀಟರಿನಷ್ಟು ಉಳಿಸಿ ಮಿಕ್ಕದ್ದನ್ನು ಸವರಿ ತೆಗೆಯಿರಿ. ಉಳಿದ ಕೊಬ್ಬಿನ ಮೇಲೆ ಚೌಕುಳಿಯಾಗಿ ಗೀರು ಹಾಕಿ, ಚಾಕು ಮಾಂಸಕ್ಕೆ ಇಳಿಯಬಾರದು. ಅಡುಗೆ ದಾರದಿಂದ ಮೂರು ಬೆರಳಿಗೊಂದರಂತೆ ಗಂಟು ಹಾಕಿ ಬಿಗಿದರೆ ತುಂಡು ಗುಂಡಗೆ ನಿಲ್ಲುತ್ತದೆ. ಆಮೇಲೆ ಎಲ್ಲ ಬದಿಗೂ ಉಪ್ಪು ಉಜ್ಜಿ, ತಂತಿಯ ಸ್ಟ್ಯಾಂಡಿನ ಮೇಲಿಟ್ಟು, ಏನನ್ನೂ ಮುಚ್ಚದೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ.

ಅರ್ಧ ಗಂಟೆ ಬಿಟ್ಟು ನೋಡಿದರೆ ಮಾಂಸದ ಮೇಲೆ ನೀರಿನ ಹನಿಗಳು ಮೂಡಿರುತ್ತವೆ. ಗಾಬರಿ ಬೇಡ. ಉಪ್ಪು ನೀರನ್ನು ಎಳೆದಿದೆ, ಆ ನೀರಿನಲ್ಲಿ ತಾನೇ ಕರಗಿದೆ. ಬೆಳಗಾಗುವಷ್ಟರಲ್ಲಿ ಆ ಉಪ್ಪುನೀರನ್ನು ಮಾಂಸ ಮತ್ತೆ ಹೀರಿಕೊಂಡಿರುತ್ತದೆ. ಒಳಗೆ ಹೋದ ಉಪ್ಪು ಸ್ನಾಯುವಿನ ಪ್ರೋಟೀನನ್ನು ಸಡಿಲಿಸುತ್ತದೆ, ಬೇಯುವಾಗ ಅದು ಹೆಚ್ಚು ರಸ ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯ ದಿನ ಮುಟ್ಟಿ ನೋಡಿದರೆ ಮೈ ಒಣಗಿ, ಬಣ್ಣ ಕಡುಗೆಂಪಿಗೆ ತಿರುಗಿ, ಬೆರಳಿಗೆ ಚರ್ಮ ಮುಟ್ಟಿದಂತೆ ಭಾಸವಾಗುತ್ತದೆ. ಅದೇ ನಮಗೆ ಬೇಕಾದದ್ದು. ಬಾಣಲೆಯಲ್ಲಿ ಒದ್ದೆ ಮಾಂಸ ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ನೀರು ಪೂರ್ತಿ ಆರುವವರೆಗೆ ಮೇಲ್ಮೈ 100 ಡಿಗ್ರಿಯ ಗಡಿ ದಾಟುವುದಿಲ್ಲ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ, ಕಂದುಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುವ ಕ್ರಿಯೆ ಚುರುಕಾಗುವುದು 140 ಡಿಗ್ರಿಯ ನಂತರ.

ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ

ಬ್ರಿಟಿಷ್ ಅಡುಗೆಮನೆಗಳಲ್ಲಿ ಒಂದು ಸೂತ್ರ ಓಡಾಡುತ್ತದೆ: ಪ್ರತಿ 450 ಗ್ರಾಮಿಗೆ 20 ನಿಮಿಷ, ಕೊನೆಗೆ ಮೇಲೊಂದು 20 ನಿಮಿಷ. ಈ ಸೂತ್ರವನ್ನು ಮರೆತುಬಿಡಿ ಎಂದೇ ನನ್ನ ಸಲಹೆ. ಕಾವು ಒಳಗೆ ಇಳಿಯುವುದು ತೂಕ ನೋಡಿಕೊಂಡಲ್ಲ, ದಪ್ಪ ನೋಡಿಕೊಂಡು. ಹತ್ತು ಸೆಂಟಿಮೀಟರ್ ದಪ್ಪದ ತುಂಡು ಒಂದು ಗೇಣು ಉದ್ದವಿರಲಿ, ಎರಡು ಗೇಣು ಉದ್ದವಿರಲಿ, ನಡುಭಾಗ ಬಿಸಿಯಾಗಲು ಹೆಚ್ಚುಕಡಿಮೆ ಅಷ್ಟೇ ಹೊತ್ತು. ತೂಕ ಮಾತ್ರ ಎರಡು ಪಟ್ಟು. ಸೂತ್ರ ನಂಬಿದವರ ಎರಡನೆಯ ತುಂಡು ಒಣಗಿ ಕೊರಡಾಗಿರುತ್ತದೆ.

ಮಾಂಸದ ಥರ್ಮಾಮೀಟರನ್ನು ಕೊಂಡ ದಿನವೇ ಪರೀಕ್ಷಿಸಿ. ಲೋಟದ ತುಂಬ ಪುಡಿ ಮಾಡಿದ ಮಂಜುಗಡ್ಡೆ ಹಾಕಿ, ಸಂದಿಗಳು ತುಂಬುವಷ್ಟು ನೀರು ಸುರಿದು, ಕಡ್ಡಿಯನ್ನು ನಡುವೆ ಅದ್ದಿದರೆ ಸೊನ್ನೆ ತೋರಿಸಬೇಕು. ಕುದಿಯುವ ನೀರಿನಿಂದ ಪರೀಕ್ಷಿಸಲು ಹೋಗಬೇಡಿ, ಎತ್ತರದ ಊರುಗಳಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ. ಬೆಂಗಳೂರಿನಲ್ಲಿ ಸುಮಾರು 97, ಡೆನ್ವರಿನಲ್ಲಿ ಸುಮಾರು 95.

ಯಾವ ಹದಕ್ಕೆ ಎಷ್ಟು ಡಿಗ್ರಿ ಎಂಬುದು ಹೀಗೆ. ಮೊದಲನೆಯ ಅಂಕಿ ಮಂದ ಕಾವಿನ ಓವನ್ನಿನಿಂದ ಹೊರತೆಗೆಯುವಾಗ ಮಾಂಸದ ನಟ್ಟನಡುವೆ ಇರಬೇಕಾದದ್ದು, ಎರಡನೆಯದು ಎಲ್ಲ ಮುಗಿದು ತಟ್ಟೆಗೆ ಬರುವಾಗ ಇರುವುದು.

- ರೇರ್, ಕಡುಗುಲಾಬಿ: 42, ಆಮೇಲೆ 50
- ಮೀಡಿಯಂ ರೇರ್, ಗುಲಾಬಿ: 46, ಆಮೇಲೆ 54
- ಮೀಡಿಯಂ, ತಿಳಿಗುಲಾಬಿ: 52, ಆಮೇಲೆ 60
- ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ ಹೇಳುವ ಸುರಕ್ಷಿತ ಮಟ್ಟ: 55, ಆಮೇಲೆ 63, ಜೊತೆಗೆ ಮೂರು ನಿಮಿಷ ವಿಶ್ರಾಂತಿ

ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಊಟಕ್ಕಿದ್ದರೆ ಕೊನೆಯ ಸಾಲನ್ನೇ ಅನುಸರಿಸಿ. ನಮ್ಮವರಲ್ಲಿ ಬಹುತೇಕರಿಗೆ ಗುಲಾಬಿ ಮಾಂಸ ಕಂಡರೆ 'ರಕ್ತ' ಎಂದು ಮುಖ ಸಿಂಡರಿಸುವ ಅಭ್ಯಾಸವಿದೆ. ಅದು ರಕ್ತವಲ್ಲ. ಪ್ರಾಣಿಯ ರಕ್ತ ವಧೆಯ ಹೊತ್ತಿನಲ್ಲೇ ಹರಿದುಹೋಗಿರುತ್ತದೆ. ತಟ್ಟೆಯಲ್ಲಿ ಕಾಣುವ ಕೆಂಪು ನೀರು ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಬಣ್ಣ. ಹಾಗೆಂದು ವಿವರಿಸಿದ ಮೇಲೂ ಅತ್ತೆಯವರು ತಿನ್ನದಿದ್ದರೆ ಒತ್ತಾಯ ಬೇಡ, ತುಂಡಿನ ಎರಡು ತುದಿಗಳು ಹೇಗೂ ಹೆಚ್ಚು ಬೆಂದಿರುತ್ತವೆ, ಅವನ್ನು ಅವರಿಗೆ ಬಡಿಸಿ.

ಮೊದಲ ಕಾವು

ಓವನ್ನನ್ನು 120 ಡಿಗ್ರಿಗೆ ಕಾಯಿಸಿ, ಅಮೆರಿಕದ ಓವನ್ನಿನಲ್ಲಿ 250 ಫ್ಯಾರನ್‌ಹೀಟ್. ಫ್ಯಾನ್ ಇರುವ ಓವನ್ ಆದರೆ 100 ಡಿಗ್ರಿ ಸಾಕು. ಮಾಂಸವನ್ನು ಫ್ರಿಜ್ಜಿನಿಂದ ತೆಗೆದು ನೇರವಾಗಿ ಓವನ್ನಿಗೇ ಇಡಿ. ಒಂದು ಗಂಟೆ ಹೊರಗಿಟ್ಟು 'ಕೋಣೆಯ ಉಷ್ಣತೆಗೆ ತನ್ನಿ' ಎಂದು ಹೇಳುವವರಿದ್ದಾರೆ. ಇಷ್ಟು ದಪ್ಪದ ತುಂಡಿನ ಒಡಲು ಒಂದು ಗಂಟೆಯಲ್ಲಿ ಎರಡು ಮೂರು ಡಿಗ್ರಿ ಏರಿದರೆ ಹೆಚ್ಚು, ಅದರಿಂದ ಏನೂ ಸಾಧಿಸಿದಂತಾಗುವುದಿಲ್ಲ.

ತಂತಿಯ ಸ್ಟ್ಯಾಂಡಿನ ಮೇಲೆ, ಕೊಬ್ಬಿನ ಬದಿ ಮೇಲಾಗಿ ಇಡಿ. ಥರ್ಮಾಮೀಟರಿನ ಕಡ್ಡಿಯನ್ನು ಮೇಲಿನಿಂದ ಚುಚ್ಚದೆ ತುಂಡಿನ ತುದಿಯಿಂದ ಉದ್ದಕ್ಕೆ ತೂರಿಸಿ. ಅದರ ಮೊನೆ ಅತಿ ದಪ್ಪದ ಭಾಗದ ನಡುವೆ ನಿಲ್ಲಬೇಕು. ಕಡ್ಡಿಯನ್ನು ಬಿಸಿ ನೀರು, ಸಾಬೂನಿನಲ್ಲಿ ತೊಳೆದಿರಿ ತಾನೇ? ಚುಚ್ಚುವ ವಸ್ತು ಚೊಕ್ಕವಾಗಿರಲಿ.

ನಾನು ಹೇಳಿದ ತುಂಡು 46 ಡಿಗ್ರಿ ಮುಟ್ಟಲು ಒಂದೂವರೆಯಿಂದ ಎರಡೂಕಾಲು ಗಂಟೆ ಹಿಡಿಯುತ್ತದೆ. ಮಂದ ಕಾವಿನ ದೊಡ್ಡ ಲಾಭ ಏನೆಂದರೆ ಅಂಚಿಗೂ ನಡುವಿಗೂ ಉಷ್ಣತೆಯ ಅಂತರ ಹೆಚ್ಚಾಗುವುದಿಲ್ಲ. 220 ಡಿಗ್ರಿಯ ಓವನ್ನಿನಲ್ಲಿ ನಡುಭಾಗ 50ಕ್ಕೆ ಬರುವಷ್ಟರಲ್ಲಿ ಅಂಚಿನ ದಪ್ಪ ಪದರವೊಂದು 70 ದಾಟಿರುತ್ತದೆ. ಆ ಮಟ್ಟದಲ್ಲಿ ಸ್ನಾಯುವಿನ ಇನ್ನೊಂದು ಪ್ರೋಟೀನ್, ಆಕ್ಟಿನ್, ಮುದುಡಿಕೊಂಡು ರಸವನ್ನು ಹಿಂಡಿ ಹೊರಹಾಕುತ್ತದೆ. ಮೊದಲು ಹೇಳಿದ ಬೂದುಬಣ್ಣದ ಪಟ್ಟಿ ಹುಟ್ಟುವುದು ಹೀಗೆ. 120ರಲ್ಲಿ ಆ ಪಟ್ಟಿ ತೆಳುವಾದ ಗೆರೆಯಾಗಿ ಉಳಿಯುತ್ತದೆ.

ಹೊರತೆಗೆದ ಮಾಂಸ ನೋಡಲು ಸಪ್ಪಗೆ, ಕಂದುಬೂದಾಗಿ ಇರುತ್ತದೆ. ನಿರಾಶರಾಗಬೇಡಿ. ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಡಿ. ನಡುಭಾಗ ಇನ್ನೂ ಮೂರು ನಾಲ್ಕು ಡಿಗ್ರಿ ಏರಿ ನಿಲ್ಲುತ್ತದೆ. ಅತಿಥಿಗಳು ತಡವಾಗಿ ಬಂದರೂ ಒಂದು ಗಂಟೆಯವರೆಗೆ ಏನೂ ಕೆಡುವುದಿಲ್ಲ. ನಮ್ಮ ಜನ ಏಳಕ್ಕೆ ಕರೆದರೆ ಎಂಟಕ್ಕೆ ಬರುವವರಾದ್ದರಿಂದ ಈ ವಿಧಾನದ ಬಗ್ಗೆ ನನಗೆ ವಿಶೇಷ ಒಲವು.

ಕವಚ

ಮಾಂಸ ವಿಶ್ರಮಿಸುವಾಗ ಇದನ್ನು ಸಿದ್ಧ ಮಾಡಿ. ಎರಡು ಕೆ.ಜಿ. ತುಂಡಿಗೆ ಬೇಕಾದದ್ದು:

- ಎರಡು ದಿನ ಹಳೆಯ ಬ್ರೆಡ್ಡಿನ ಪುಡಿ, 80 ಗ್ರಾಂ
- ಬೆಣ್ಣೆ, 50 ಗ್ರಾಂ
- ಬೆಳ್ಳುಳ್ಳಿ, ನಾಲ್ಕು ದೊಡ್ಡ ಎಸಳು
- ಸಣ್ಣಗೆ ಹೆಚ್ಚಿದ ರೋಸ್‌ಮೆರಿ, ಎರಡು ದೊಡ್ಡ ಚಮಚ
- ಕಡ್ಡಿಯಿಂದ ಬಿಡಿಸಿದ ಥೈಮ್ ಎಲೆ, ಒಂದು ದೊಡ್ಡ ಚಮಚ
- ಹೆಚ್ಚಿದ ಪಾರ್ಸ್ಲಿ, ಒಂದು ಹಿಡಿ
- ತರಿತರಿಯಾಗಿ ಕುಟ್ಟಿದ ಕರಿಮೆಣಸು, ಎರಡು ಸಣ್ಣ ಚಮಚ
- ಒಂದು ನಿಂಬೆಹಣ್ಣಿನ ಸಿಪ್ಪೆಯ ತುರಿ, ಹಳದಿ ಭಾಗ ಮಾತ್ರ
- ಅಂಟಿಗೆ ಡಿಜಾನ್ ಸಾಸಿವೆ (ಅರೆದ ಸಾಸಿವೆಯ ಫ್ರೆಂಚ್ ಪೇಸ್ಟ್), ಮೂರು ದೊಡ್ಡ ಚಮಚ

ರೋಸ್‌ಮೆರಿಯ ಎಲೆ ಸೂಜಿಯಂತೆ ಗಡುಸು. ಅದನ್ನು ತುಂಬ ಸಣ್ಣಗೆ ಹೆಚ್ಚಬೇಕು, ಇಲ್ಲದಿದ್ದರೆ ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅಳತೆ ಮೀರಿದರೆ ಊಟದಲ್ಲಿ ಕರ್ಪೂರದ ವಾಸನೆ. ಒಣಗಿದ ಸೊಪ್ಪು ಬಳಸುವುದಾದರೆ ರೋಸ್‌ಮೆರಿ, ಥೈಮ್ ಮೂರನೇ ಒಂದು ಭಾಗ ಸಾಕು. ಪಾರ್ಸ್ಲಿ ಮಾತ್ರ ಹಸಿಯೇ ಆಗಬೇಕು, ಒಣ ಪಾರ್ಸ್ಲಿಗೂ ಒಣ ಹುಲ್ಲಿಗೂ ರುಚಿಯಲ್ಲಿ ವ್ಯತ್ಯಾಸವಿಲ್ಲ. ಪಾರ್ಸ್ಲಿಯ ಬದಲು ಕೊತ್ತಂಬರಿ ಹಾಕಬಹುದೇ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಹಾಕಬಹುದು, ಆದರೆ ರೋಸ್‌ಮೆರಿಗೂ ಅದಕ್ಕೂ ಹೊಂದುವುದಿಲ್ಲ, ಎರಡರಲ್ಲಿ ಒಂದನ್ನು ಬಿಡಿ. ಮೆಣಸಿನ ವಿಷಯದಲ್ಲಿ ಜಿಪುಣತನ ಬೇಡ. ಊರಿನಿಂದ ತಂದ ಕೊಡಗಿನ ಅಥವಾ ಮಲೆನಾಡಿನ ಮೆಣಸು ಡಬ್ಬಿಯಲ್ಲಿದ್ದರೆ ಅದನ್ನು ಹೊರತೆಗೆಯುವ ಹೊತ್ತು ಇದೇ.

ಬೆಣ್ಣೆ ಕರಗಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ಮಂದ ಉರಿಯಲ್ಲಿ ಒಂದು ನಿಮಿಷ ಬಾಡಿಸಿ. ಬಣ್ಣ ತಿರುಗಬಾರದು, ಹಸಿ ವಾಸನೆ ಹೋದರೆ ಸಾಕು. ಓವನ್ನಿನ ಹತ್ತು ನಿಮಿಷದಲ್ಲಿ ಹಸಿ ಬೆಳ್ಳುಳ್ಳಿ ಬೇಯುವುದಿಲ್ಲ, ಅದಕ್ಕೇ ಈ ಕೆಲಸ. ಉರಿ ಆರಿಸಿ, ಬ್ರೆಡ್ ಪುಡಿ, ಸೊಪ್ಪು, ಮೆಣಸು, ನಿಂಬೆ ತುರಿ ಸೇರಿಸಿ ಕಲಸಿ. ಅಂಗೈಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ತೀರಾ ಒಣಗಿದ್ದರೆ ಇನ್ನೊಂದು ಚಮಚ ಬೆಣ್ಣೆ. ಉಪ್ಪು ಹಾಕಬೇಡಿ, ಮಾಂಸದಲ್ಲಿಯೂ ಸಾಸಿವೆಯಲ್ಲಿಯೂ ಬೇಕಾದಷ್ಟಿದೆ.

ಬಾಣಲೆ, ಆಮೇಲೆ ಎರಡನೆಯ ಕಾವು

ಓವನ್ನನ್ನು 230 ಡಿಗ್ರಿಗೆ ಏರಿಸಿ, ಫ್ಯಾರನ್‌ಹೀಟಿನಲ್ಲಿ 450. ಫ್ಯಾನ್ ಇದ್ದರೆ 210. ಅದು ಕಾಯುತ್ತಿರುವಾಗ ದಪ್ಪ ತಳದ ಎರಕದ ಬಾಣಲೆಯನ್ನು ಹೊಗೆಯಾಡುವಷ್ಟು ಕಾಯಿಸಿ, ಒಂದು ಚಮಚ ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ ಹಾಕಿ. ಕಿಟಕಿ ತೆರೆದಿಡಿ, ಹೊಗೆ ಗಂಟೆಯ ಬಗ್ಗೆ ಎಚ್ಚರವಿರಲಿ. ಒಗ್ಗರಣೆಗೇ ಕೂಗಿಕೊಳ್ಳುವ ಆ ಯಂತ್ರ ಇದಕ್ಕೆ ಸುಮ್ಮನಿರುವುದುಂಟೇ.

ಮಾಂಸದ ಮೈಯನ್ನು ಕಾಗದದಿಂದ ಒತ್ತಿ ಒರೆಸಿ, ಬಾಣಲೆಯಲ್ಲಿ ಒಂದೊಂದು ಬದಿಯನ್ನೂ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಇಡಿ. ಕೊಬ್ಬಿನ ಬದಿಗೆ ಎರಡು ನಿಮಿಷ. ತುದಿಗಳನ್ನೂ ಬಿಡಬೇಡಿ, ಇಕ್ಕುಳದಲ್ಲಿ ಹಿಡಿದು ನಿಲ್ಲಿಸಿ. ಇದರಿಂದ 'ರಸ ಒಳಗೇ ಬಂದಿಯಾಗುತ್ತದೆ' ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟಸ್ ಫಾನ್ ಲೀಬಿಗ್ ಹಬ್ಬಿಸಿದ ನಂಬಿಕೆ. ಅದು ಸುಳ್ಳೆಂದು ತೂಕ ಮಾಡಿ ತೋರಿಸಿ ಎಷ್ಟೋ ಕಾಲವಾಗಿದೆ. ಆದರೂ ಟಿ.ವಿ. ಅಡುಗೆಯವರ ಬಾಯಲ್ಲಿ ಇನ್ನೂ ಸತ್ತಿಲ್ಲ. ನಾವು ಬಾಣಲೆಗೆ ಹಾಕುತ್ತಿರುವುದು ಹುರಿದ ರುಚಿಗಾಗಿ, ಮೇಲ್ಮೈಯ ಶುದ್ಧಿಗಾಗಿ.

ಈಗ ಬಹುತೇಕ ಪಾಕವಿಧಾನಗಳು ಮರೆಯುವ ಕೆಲಸ: ದಾರವನ್ನು ಕತ್ತರಿಸಿ ತೆಗೆಯಿರಿ. ಮಾಂಸ ಬೆಂದು ಆಕಾರಕ್ಕೆ ನಿಂತಿದೆ, ದಾರದ ಹಂಗಿಲ್ಲ. ಕವಚದ ಕೆಳಗೆ ದಾರ ಉಳಿದರೆ ಬಡಿಸುವ ಹೊತ್ತಿಗೆ ಅದನ್ನು ಎಳೆಯಬೇಕಾಗುತ್ತದೆ, ಜೊತೆಗೆ ಕವಚವೆಲ್ಲ ಹಪ್ಪಳೆಯಾಗಿ ಎದ್ದು ಬರುತ್ತದೆ.

ಮಾಂಸದ ಮೇಲೂ ಎರಡು ಪಕ್ಕಗಳಿಗೂ ಸಾಸಿವೆಯನ್ನು ತೆಳ್ಳಗೆ ಸವರಿ. ಬ್ರಷ್ ಬೇಡ, ಚಮಚದ ಹಿಂಬದಿಯೇ ಸಾಕು. ಸಾಸಿವೆ ಹೆಚ್ಚಾದರೆ ಅದರ ನೀರಿಗೆ ಕವಚ ಜಾರುತ್ತದೆ. ಕಲಸಿದ ಪುಡಿಯನ್ನು ಅದರ ಮೇಲೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿ ಅಂಗೈಯಿಂದ ಒತ್ತಿ. ಸುಮ್ಮನೆ ತಟ್ಟಿದರೆ ಸಾಲದು, ಮೈಯ ಭಾರ ಬಿಟ್ಟು ಒತ್ತಬೇಕು. ಅಡಿಭಾಗಕ್ಕೆ ಹಚ್ಚಬೇಡಿ, ಅಲ್ಲಿ ರಸ ತಾಗಿ ಗಂಜಿಯಾಗುತ್ತದೆ.

ಸ್ಟ್ಯಾಂಡಿನ ಮೇಲಿಟ್ಟು ಓವನ್ನಿನ ನಡು ಅರೆಯಲ್ಲಿ ಎಂಟರಿಂದ ಹತ್ತು ನಿಮಿಷ. ಆರನೆಯ ನಿಮಿಷದಿಂದ ಓವನ್ನಿನ ಗಾಜಿಗೆ ಕಣ್ಣಿಟ್ಟು ನಿಲ್ಲಿ. ಹಸಿರಿನ ನಡುವೆ ಬ್ರೆಡ್ಡಿನ ತರಿಗಳು ಮೊದಲು ಒಣಹುಲ್ಲಿನ ಬಣ್ಣಕ್ಕೆ ಬರುತ್ತವೆ, ಆಮೇಲೆ ಅಂಚುಗಳಲ್ಲಿ ಹೊಂಬಣ್ಣ ಏಳುತ್ತದೆ. ಏರುಗಳ ತುದಿ ಕಂದುಬಣ್ಣಕ್ಕೆ ತಿರುಗಿ, ತಗ್ಗುಗಳಲ್ಲಿ ಇನ್ನೂ ಹಸಿರು ಉಳಿದಿರುವಾಗಲೇ ತೆಗೆಯಬೇಕು. ಪೂರ್ತಿ ಕಂದಾಗಲಿ ಎಂದು ಕಾದರೆ ಸೊಪ್ಪಿನ ಪರಿಮಳವೆಲ್ಲ ಓವನ್ನಿನ ಪಾಲು.

ಹೊರಗೆ ತೆಗೆದ ಮೇಲೆ ಹತ್ತು ನಿಮಿಷ ಬಿಡಿ. ಈಗ ಹಾಳೆ ಮುಚ್ಚಬಾರದು, ಒಳಗಿನ ಹಬೆಗೆ ಕವಚ ಮೆತ್ತಗಾಗುತ್ತದೆ.

ಗ್ರೇವಿ ಮತ್ತು ಪಕ್ಕವಾದ್ಯ

ಮಂದ ಕಾವಿನಲ್ಲಿ ಬೆಂದ ಮಾಂಸ ತಟ್ಟೆಗೆ ಹೆಚ್ಚು ರಸ ಬಿಡುವುದಿಲ್ಲ. ಆದ್ದರಿಂದ ಗ್ರೇವಿಯ ರುಚಿ ಬಾಣಲೆಯ ತಳದಲ್ಲಿ ಹತ್ತಿದ ಕಂದು ಪದರದಿಂದ ಬರಬೇಕು. ಅದು ಕಪ್ಪಗಾಗಿದ್ದರೆ ತೊಳೆದುಬಿಡಿ, ಕಹಿಯನ್ನು ಯಾವುದೂ ಮುಚ್ಚುವುದಿಲ್ಲ. ಚೆನ್ನಾಗಿದ್ದರೆ ಅದೇ ಬಾಣಲೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ ಬಾಡಿಸಿ, ಒಂದು ದೊಡ್ಡ ಚಮಚ ಮೈದಾ ಹಾಕಿ ಹುರಿದು, 400 ಮಿಲಿಲೀಟರ್ ಬೀಫ್ ಸ್ಟಾಕನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ತಳ ಕೆರೆಯಿರಿ. ಐದಾರು ನಿಮಿಷ ಕುದಿಸಿ, ಸೋಸಿ, ಮಾಂಸ ವಿಶ್ರಮಿಸಿದ ತಟ್ಟೆಯ ರಸವನ್ನೂ ಸೇರಿಸಿ. ಕೊನೆಗೆ ಉಪ್ಪು ನೋಡಿ, ಮೊದಲಲ್ಲ.

ಬ್ರಿಟನ್ನಿನಲ್ಲಿ ಹಾರ್ಸ್‌ರ್ಯಾಡಿಷ್ ಎಂಬ ಗೆಡ್ಡೆಯ ಸಾಸ್ ಇಲ್ಲದೆ ಬೀಫ್ ಬಡಿಸುವುದಿಲ್ಲ. ಮೂಗಿಗೇರುವ ಅದರ ಘಾಟಿಗೂ ಅರೆದ ಸಾಸಿವೆಯ ಘಾಟಿಗೂ ಮೂಲ ಒಂದೇ ರಾಸಾಯನಿಕ. ಹಸಿ ಸಾಸಿವೆ ಅರೆದು ಸಾಸಿವೆ ಮಾಡುವ ಮನೆಯವರಿಗೆ ಅದು ಮೊದಲ ತುತ್ತಿಗೇ ಪರಿಚಿತ ಎನಿಸುತ್ತದೆ.

ಆಲೂಗಡ್ಡೆಗೆ ಜೋರು ಕಾವು ಬೇಕು. ಮಾಂಸ ಹಾಳೆಯ ಕೆಳಗೆ ವಿಶ್ರಮಿಸುವ ಮುಕ್ಕಾಲು ಗಂಟೆಯೇ ಅದರ ಸರದಿ. ಮೊದಲೇ ಅರೆಬೇಯಿಸಿ, ಪಾತ್ರೆಯಲ್ಲಿ ಕುಲುಕಿ ಅಂಚು ಒರಟು ಮಾಡಿ, ಬಿಸಿ ಎಣ್ಣೆಯಲ್ಲಿ ಹೊರಳಿಸಿ ಓವನ್ನಿಗೆ ಹಾಕಿ. ಕೊನೆಯ ಹತ್ತು ನಿಮಿಷಕ್ಕೆ ಕವಚ ಹೊದ್ದ ಮಾಂಸ ಅದರ ಜೊತೆಗೂಡುತ್ತದೆ. ಯಾರ್ಕ್‌ಶೈರ್ ಪುಡಿಂಗ್ ಕೂಡ ಬೇಕೆನ್ನುವವರು ಮೊಟ್ಟೆ, ಹಾಲು, ಮೈದಾ ಸಮ ಅಳತೆಯಲ್ಲಿ ಕಲಸಿ ಇಟ್ಟುಕೊಳ್ಳಬಹುದು, ಆದರೆ ಒಂದೇ ಓವನ್ ಇರುವ ಮನೆಯಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ನೆಮ್ಮದಿ.

ರಾತ್ರಿ ಏಳಕ್ಕೆ ಊಟವಾದರೆ ಗಡಿಯಾರ ಹೀಗೆ ಓಡಬೇಕು. ಮೂರೂವರೆಗೆ ಮಾಂಸ ಓವನ್ನಿಗೆ. ಐದೂವರೆ, ಹೆಚ್ಚೆಂದರೆ ಐದೂಮುಕ್ಕಾಲಿಗೆ ಹೊರಗೆ, ಕಾವು ಏರಿಸಿ ಆಲೂಗಡ್ಡೆ ಒಳಗೆ. ಆರೂಕಾಲಿಗೆ ಬಾಣಲೆ. ಆರೂವರೆಗೆ ಕವಚದೊಂದಿಗೆ ಮತ್ತೆ ಓವನ್. ಆರು ನಲವತ್ತಕ್ಕೆ ಎಲ್ಲವೂ ಹೊರಗೆ, ಗ್ರೇವಿ ಒಲೆಯ ಮೇಲೆ.

ಕೊಯ್ಯುವುದು, ಉಳಿದದ್ದು

ಮಾಂಸದ ನಾರು ಯಾವ ದಿಕ್ಕಿಗೆ ಓಡುತ್ತದೆ ಎಂದು ತುದಿಯಲ್ಲಿ ನೋಡಿ, ಅದಕ್ಕೆ ಅಡ್ಡಲಾಗಿ ಕೊಯ್ಯಬೇಕು. ಉದ್ದ ನಾರು ಬಾಯಿಗೆ ಬಂದರೆ ಎಂಥ ದುಬಾರಿ ತುಂಡೂ ಜಗಿಯಲಾಗದು. ಕವಚವನ್ನು ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ, ಒತ್ತದೆ, ಗರಗಸದಂತೆ ಹಿಂದೆ ಮುಂದೆ ಆಡಿಸಿ ಕತ್ತರಿಸಿ. ಕೆಳಗಿನ ಮಾಂಸಕ್ಕೆ ಬಂದಾಗ ಹರಿತವಾದ ಉದ್ದ ಚಾಕುವಿಗೆ ಬದಲಿಸಿದರೆ ಹೋಳು ನುಣುಪಾಗಿ ಬರುತ್ತದೆ. ಸ್ಟ್ರಿಪ್ ಲಾಯಿನ್ ಆದರೆ ಒಂದು ಸೆಂಟಿಮೀಟರ್ ದಪ್ಪ, ಟಾಪ್‌ಸೈಡ್ ಆದರೆ ಅದರ ಕಾಲು ಭಾಗ. ಉದುರಿದ ಕವಚದ ಚೂರುಗಳನ್ನು ಎಸೆಯಬೇಡಿ, ಆಲೂಗಡ್ಡೆಯ ಮೇಲೆ ಉದುರಿಸಿ.

ಊಟವಾದ ಎರಡು ಗಂಟೆಯೊಳಗೆ ಉಳಿದದ್ದು ಫ್ರಿಜ್ಜಿಗೆ ಹೋಗಬೇಕು, ಮೂರು ದಿನಗಳಲ್ಲಿ ಮುಗಿಯಬೇಕು. ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಇಷ್ಟು ಹೊತ್ತು ಕಾಪಾಡಿದ ಗುಲಾಬಿ ಬಣ್ಣ ಅರ್ಧ ನಿಮಿಷದಲ್ಲಿ ಹೋಗುತ್ತದೆ. ತಣ್ಣಗೇ ತೆಳ್ಳಗೆ ಕೊಯ್ದು, ಬ್ರೆಡ್ಡಿಗೆ ಸಾಸಿವೆ ಸವರಿ, ಮೇಲೊಂದು ಉಪ್ಪಿನಕಾಯಿ ಸೌತೆ ಇಟ್ಟು ತಿನ್ನಿ. ಇಲ್ಲವೇ ಹೆಚ್ಚು ಬೆಂದ ತುದಿಗಳನ್ನು ಬೆರಳಗಲದ ಪಟ್ಟಿಗಳಾಗಿ ಸೀಳಿ. ತೆಂಗಿನೆಣ್ಣೆಯಲ್ಲಿ ಈರುಳ್ಳಿ, ಕರಿಬೇವು, ತೆಂಗಿನಕಾಯಿಯ ಸಣ್ಣ ಹೋಳುಗಳನ್ನು ಕೆಂಪಗೆ ಹುರಿದು, ಕುಟ್ಟಿದ ಮೆಣಸು ಹಾಕಿ, ಮಾಂಸವನ್ನು ಕೊನೆಯ ಎರಡು ನಿಮಿಷಕ್ಕೆ ಮಾತ್ರ ಸೇರಿಸಿ ಜೋರು ಉರಿಯಲ್ಲಿ ತಿರುವಿ ಇಳಿಸಿ. ಸೋಮವಾರ ರಾತ್ರಿ ಕುಚ್ಚಲಕ್ಕಿ ಗಂಜಿಯ ಜೊತೆಗೆ ಅದು ಸರಿಹೋಗುತ್ತದೆ.